ಹಲ್ಲಕ್ಕನ ಟೇಬಲ್ಲಿಗೆ ಸೊನ್ನೆ

ಹಲ್ಲಕ್ಕನ ಬಾಯಲ್ಲಿ ಮೂವತ್ತೆರಡು ಹಲ್ಲೂ ನೆಟ್ಟಗಿವೆ. ಆ ಹೆಸರು ಬಂದದ್ದು ಅವಳ ಹಲ್ಲಿನಿಂದಲ್ಲ, ಊರಿನ ಅರ್ಧಕ್ಕರ್ಧ ಮುದುಕರ ಬಾಯಲ್ಲಿರುವ ಹಲ್ಲಿನಿಂದ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಕೂತು ಅವಳು ಹಲ್ಲಿನ ಸೆಟ್ಟು ಮಾಡುತ್ತಾಳೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನೋ ಗಾದೆಯ ಹಿಂದಿನ ಅರ್ಧವನ್ನು ಸುಳ್ಳು ಮಾಡುವುದೇ ತನ್ನ ಕಸುಬು ಎಂದು ತಾನೇ ಹೇಳಿಕೊಂಡು ನಗುತ್ತಾಳೆ. ಆ ಕೋಣೆಯ ಮೇಜನ್ನು ನೀವು ನೋಡಬೇಕು. ಮೇಣ ಒಂದು ಕಡೆ, ಪ್ಲಾಸ್ಟರು ಒಂದು ಕಡೆ, ಚಾಕು ಚಮಚಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ. ದಿನಕ್ಕೆ ಮೂರು ಸಲ ಒರೆಸುತ್ತಾಳೆ. ಆದ್ದರಿಂದ ಅವಳಿಗೆ ಶುಚಿ ಗೊತ್ತಿಲ್ಲ ಎಂದು ಯಾರೂ ಹೇಳಬಾರದು. ಹೇಳಿದರೆ ನಾನು ಜಗಳಕ್ಕೆ ಬರುತ್ತೇನೆ.

ಈಗ ಮನೆಯ ಟೇಬಲ್ಲಿಗೆ ಬರೋಣ. ಹಲ್ಲಕ್ಕ ಇರುವುದು ತಮ್ಮನ ಮನೆಯಲ್ಲಿ, ಬೀದಿ ಕಡೆಯ ಕೋಣೆಯಲ್ಲಿ. ಅಲ್ಲಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಒಂದು ಹಳೇ ಬಾಗಿಲನ್ನು ಮಲಗಿಸಿದ್ದಾಳೆ. ಅದೇ ಟೇಬಲ್ಲು. ಬೀಗದ ಕಿಂಡಿ ಇನ್ನೂ ಹಾಗೇ ಇದೆ, ತಂತಿ ಎಳೆದು ನೆಟ್ಟಗೆ ಮಾಡಲು ಅದು ಒಳ್ಳೆಯ ಉಪಯೋಗಕ್ಕೆ ಬರುತ್ತದೆ. ಅದರ ಮೇಲೆ ಮುರುಕು ಕನ್ನಡಕದ ಡಬ್ಬಿ, ಸೋಪಿನ ಪೆಟ್ಟಿಗೆ, ಹಲ್ಲು ಉದುರಿದ ಬಾಚಣಿಗೆ, ಯಾರದೋ ಕೆಳದವಡೆಯ ಪ್ಲಾಸ್ಟರ್ ಅಚ್ಚು, ಬಿಸ್ಕತ್ತಿನ ಡಬ್ಬದ ಮುಚ್ಚಳ, ತುದಿಯಲ್ಲಿ ಸೊಟ್ಟಗೆ ಬಿದ್ದ ಒಂದು ತುಕ್ಕು ಇಕ್ಕಳ. ಇವುಗಳ ನಡುವೆ ಅಲ್ಲಿಷ್ಟು ಇಲ್ಲಿಷ್ಟು ಎಂದು ಚೆಲ್ಲಿದ ಹಾಗೆ ಅಕ್ಕಿಕಾಳಿನಷ್ಟು, ಗುಂಡುಸೂಜಿಯ ತಲೆಯಷ್ಟು ನೂರಾರು ಚೂರುಗಳು. ಒಂದು ಬದಿಗೆ, ಅರ್ಧ ಮೈ ತೆರೆದುಕೊಂಡು, ಎರಡಡಿ ಉದ್ದದ ಕಪ್ಪು ಹಡಗು.

ಈ ಟೇಬಲ್ಲಿಗೆ ತಮ್ಮನ ಹೆಂಡತಿ ಇಟ್ಟ ಹೆಸರು ತಿಪ್ಪೆ. ಅವಳು ಆಸ್ಪತ್ರೆಯ ರೆಕಾರ್ಡ್ ರೂಮಿನ ಗುಮಾಸ್ತೆ. ಹತ್ತು ವರ್ಷದ ಹಿಂದಿನ ಕಾಯಿಲೆಯ ಕಾಗದವನ್ನೂ ಎರಡು ನಿಮಿಷದಲ್ಲಿ ತೆಗೆದುಕೊಡುವವಳು. ಅಂಥವಳು ಐದು ವರ್ಷ ಈ ತಿಪ್ಪೆಯ ಜೊತೆ ಒಂದೇ ಸೂರಿನಡಿ ಬಾಳಿದ್ದಾಳೆ ಎಂದರೆ ಅದು ಸಣ್ಣ ತಪಸ್ಸಲ್ಲ. ಹಲ್ಲಕ್ಕನ ಕಟ್ಟಪ್ಪಣೆ ಒಂದೇ: ಧೂಳು ಹೊಡೆಯಬಹುದು, ಒಂದು ಚೂರನ್ನೂ ಕದಲಿಸುವಂತಿಲ್ಲ. ಹಾಗಾಗಿ ಪ್ರತಿ ಭಾನುವಾರ ಅವಳು ಮೆತ್ತನೆಯ ಬಣ್ಣದ ಬ್ರಶ್ಶು ಹಿಡಿದು, ಬಾಯಲ್ಲಿ ಗೊಣಗುತ್ತ, ಚೂರುಗಳ ಸಂದಿಯಲ್ಲಿ ಧೂಳು ತೆಗೆಯುತ್ತಿದ್ದಳು. ತಮ್ಮ ಮೀಟರ್ ಓದುವ ಕೆಲಸದವನು. ಊರಿನ ಎಲ್ಲರ ಮನೆಯೊಳಗೂ ಇಣುಕಿ ಬಂದವನಾದ್ದರಿಂದ ಯಾವುದಕ್ಕೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಹಡಗಿನ ವಿಷಯ ಹೇಳಬೇಕು. ಅದು ನದಿಯ ಬಾಯಲ್ಲಿ ಹೂಳೆತ್ತುತ್ತಿದ್ದ ಹಡಗು. ಸರಪಳಿಗೆ ಕಟ್ಟಿದ ಮೂವತ್ತಾರು ಬಕೆಟ್ಟುಗಳು ನೀರಿನ ತಳಕ್ಕೆ ಇಳಿದು ಕೆಸರು ಹೊತ್ತು ಮೇಲೆ ಬರುತ್ತಿದ್ದವು. ಜನ ಅದನ್ನು ಎಮ್ಮೆ ಎಂದೇ ಕರೆಯುತ್ತಿದ್ದರು. ಹಲ್ಲಕ್ಕನ ಅಪ್ಪ ಅದರ ಹೊಟ್ಟೆಯೊಳಗೆ ಇಪ್ಪತ್ತೆರಡು ವರ್ಷ ಬಾಯ್ಲರಿಗೆ ಕಲ್ಲಿದ್ದಲು ಹಾಕಿದವನು. ಶಾಲೆಯಲ್ಲಿ ಅವಳನ್ನು ಕೆಸರಿನವನ ಮಗಳು ಎಂದು ಕೂಗುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಅಪ್ಪನ ಕೈ ಕೆಸರಾಗಿದ್ದು ನಿಜ, ಮೊಸರು ಮಾತ್ರ ಬಿಳೀ ಹಡಗುಗಳಲ್ಲಿ ಕೂತು ಬರುತ್ತಿದ್ದವರ ಬಾಯಿಗೆ ಹೋಯಿತು. ಆ ಹೂಳು ತೆಗೆಯದಿದ್ದರೆ ಬಿಳೀ ಹಡಗುಗಳು ಎಲ್ಲಿಂದ ಒಳಗೆ ಬರುತ್ತಿದ್ದವು? ಆದರೂ ಫೋಟೊ ತೆಗೆಸಿಕೊಂಡದ್ದು ಅವೇ. ಎಮ್ಮೆಯನ್ನು ಗುಜರಿಗೆ ಕತ್ತರಿಸಿದಾಗ ಅದರದೊಂದು ಚಿತ್ರವೂ ಉಳಿಯಲಿಲ್ಲ, ನಕ್ಷೆಯೂ ಇರಲಿಲ್ಲ.

ಹಲ್ಲಕ್ಕನ ಬಳಿ ಮಾತ್ರ ಒಂದು ನಕ್ಷೆ ಇತ್ತು. ಅವಳು ಚಿಕ್ಕವಳಿದ್ದಾಗ ಅಪ್ಪ ಊಟ ಮುಗಿಸಿ, ತಟ್ಟೆ ಬದಿಗೆ ಸರಿಸಿ, ಕೈಗೆ ಸಿಕ್ಕಿದ್ದನ್ನೆಲ್ಲ ನೆಲದ ಮೇಲೆ ಜೋಡಿಸಿ ಹಡಗು ತೋರಿಸುತ್ತಿದ್ದ. ಗೆರೆ ಎಳೆಯಲು ಬಾರದವನು. ಕನ್ನಡಕದ ಡಬ್ಬಿ ಬಾಯ್ಲರ್ ಕೋಣೆ, ಸೋಪಿನ ಪೆಟ್ಟಿಗೆ ಕಲ್ಲಿದ್ದಲಿನ ಗೂಡು, ಬಾಚಣಿಗೆ ಬಕೆಟ್ಟಿನ ಸಾಲು. ಕೊನೆಗೆ ಜೇಬಿನಿಂದ ಇಕ್ಕಳ ತೆಗೆದು ಮುಂದುಗಡೆ ಸೊಟ್ಟಗೆ ಇಟ್ಟು, ಇದು ಲಂಗರು, ಇದೊಂದು ಕಚ್ಚಿ ಹಿಡಿಯದಿದ್ದರೆ ಉಳಿದದ್ದೆಲ್ಲ ನೀರುಪಾಲು ಎನ್ನುತ್ತಿದ್ದ. ಆ ಸಾಮಾನುಗಳೇ ಈಗ ಟೇಬಲ್ಲಿನ ಮೇಲಿದ್ದವು. ಕಿಟಕಿ ಕಡೆ ಹಡಗಿನ ಮೂತಿ, ಗೋಡೆ ಕಡೆ ಬಾಲ. ಸಂಜೆ ಒಂದೊಂದು ಭಾಗ ಮಾಡಿ, ಹಡಗಿನಲ್ಲಿ ಅದು ಎಲ್ಲಿ ಕೂರಬೇಕೋ ಟೇಬಲ್ಲಿನಲ್ಲೂ ಅಲ್ಲೇ ಇಟ್ಟು, ಐದು ವರ್ಷದಿಂದ ಅವಳು ಕಾಯುತ್ತಿದ್ದಳು. ಎಲ್ಲ ಆದ ಮೇಲೆ ಒಂದೊಂದಾಗಿ ಒಳಗೆ ಏರಿಸಬೇಕು. ಹಡಗಿನ ಮೈ ಮಾಡಿದ್ದು ಕ್ಲಿನಿಕ್ಕಿನಲ್ಲಿ ಉಳಿದ ಒಸಡಿನ ಬಣ್ಣದ ಅಕ್ರಿಲಿಕ್ಕಿನಿಂದ. ಹೊರಗೆ ಕಪ್ಪು ಬಳಿದರೂ ಒಳಗೆ ಎಮ್ಮೆ ಗುಲಾಬಿ ಬಣ್ಣಕ್ಕಿತ್ತು. ಅವಳಿಗಿದ್ದ ಆಸೆ ಒಂದೇ. ಈ ವರ್ಷ ಲೈಬ್ರರಿ ಹಾಲಿನ ಪ್ರದರ್ಶನದಲ್ಲಿ, ಬಿಳೀ ಹಡಗುಗಳ ಮಧ್ಯೆ, ನಡುಮೇಜಿನ ಮೇಲೆ ಎಮ್ಮೆ ನಿಲ್ಲಬೇಕು.

ಪ್ರದರ್ಶನ ನಡೆಸುವುದು ಮಾದರಿ ಕಟ್ಟುವವರ ಸಂಘ. ರೈಲು, ಬಸ್ಸು, ವಿಮಾನ, ಹಡಗು ಎಂದು ಬಿಡುವಿನ ವೇಳೆ ಕಟ್ಟುವ ಇಪ್ಪತ್ತು ಚಿಲ್ಲರೆ ಜನ. ಆ ವರ್ಷ ಕಾರ್ಯದರ್ಶಿಯಾಗಿ ಬಂದವರು ನಿವೃತ್ತ ಹೆಡ್ಮೇಷ್ಟ್ರು. ಕೆಟ್ಟವರಲ್ಲ. ಅವರ ಮನೆಯ ಗೋಡೆಯ ಮೇಲೆ ಪ್ರತಿ ಸುತ್ತಿಗೆಗೂ ಅದರದೇ ಆಕಾರದ ಗೆರೆ ಎಳೆದಿದೆ, ಸುತ್ತಿಗೆ ಅಲ್ಲಿಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಮೇಜು ನೋಡಿದರೆ ಮನಸ್ಸು ಗೊತ್ತಾಗುತ್ತದೆ ಎನ್ನುವುದು ಅವರ ನಂಬಿಕೆ. ಅದನ್ನೇ ನಿಯಮ ಮಾಡಿದರು. ಪ್ರತಿ ಮಾದರಿಯ ಪಕ್ಕದಲ್ಲಿ ಅದನ್ನು ಕಟ್ಟಿದ ಮೇಜಿನ ಫೋಟೊ ಇಡಬೇಕು, ಅದಕ್ಕೆ ಮೊದಲು ಸಮಿತಿ ಮನೆಮನೆಗೆ ಬಂದು ಮೇಜಿಗೆ ಐವತ್ತಕ್ಕೆ ಅಂಕ ಹಾಕುತ್ತದೆ, ಮೂವತ್ತು ಬಾರದವರ ಮಾದರಿಗೆ ಹಾಲಿನೊಳಗೆ ಜಾಗವಿಲ್ಲ.

ಸಭೆಯಲ್ಲಿ ಹಲ್ಲಕ್ಕ ಎದ್ದು ನಿಂತು ಕೇಳಿದಳಂತೆ, ಹಡಗು ನೋಡ್ತೀರೋ ಕಸಬರಿಗೆ ನೋಡ್ತೀರೋ ಎಂದು. ಕೆಲವರು ನಕ್ಕರು. ನಕ್ಕವರೇ ಮನೆಗೆ ಹೋಗಿ ಗುಡಿಸಲು ಶುರುಮಾಡಿದರು. ಹಲ್ಲಕ್ಕ ಒಂದು ಚೂರನ್ನೂ ಕದಲಿಸಲಿಲ್ಲ. ತಮ್ಮ ಹೇಳಿದ, ತಮ್ಮನ ಹೆಂಡತಿ ಹೇಳಿದಳು, ಎಮ್ಮೆ ಮೇಲೆ ಮಳೆ ಹೊಯ್ದ ಹಾಗಾಯಿತು. ಬರಲಿ, ನೋಡಲಿ, ಎಷ್ಟು ಹಾಕುತ್ತಾರೋ ಹಾಕಲಿ ಎಂದು ಬಿಟ್ಟಳು.

ಸಮಿತಿ ಬರುವ ಹಿಂದಿನ ದಿನ ತಮ್ಮನ ಹೆಂಡತಿ ಆಸ್ಪತ್ರೆಗೆ ರಜೆ ಹಾಕಿದಳು. ಹಲ್ಲಕ್ಕ ಕ್ಲಿನಿಕ್ಕಿಗೆ ಹೊರಟದ್ದೇ ತಡ, ನಲವತ್ತು ಖಾಲಿ ಔಷಧಿ ಡಬ್ಬಿಗಳನ್ನು ತೊಳೆದು ಒರೆಸಿ ಕೂತಳು. ಸೇಡಿನಿಂದ ಮಾಡಿದ್ದಲ್ಲ, ಅದನ್ನು ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳುವುದಿಲ್ಲ. ಎಮ್ಮೆ ಲೈಬ್ರರಿ ಹಾಲಿನೊಳಗೆ ಹೋಗಬೇಕು ಎಂಬುದು ಅವಳಿಗೂ ಇತ್ತು. ಹಲ್ಲಕ್ಕನ ಹಠ ಅದಕ್ಕೆ ಅಡ್ಡ ಬರುತ್ತಿದೆ, ತಾನು ಬೈಸಿಕೊಂಡರೂ ಪರವಾಗಿಲ್ಲ ಎಂದುಕೊಂಡಳು. ಸಂಜೆಯ ಹೊತ್ತಿಗೆ ಎಲ್ಲ ಚೂರುಗಳೂ ಡಬ್ಬಿ ಸೇರಿದ್ದವು, ಡಬ್ಬಿಗಳ ಮೇಲೆ ಮುದ್ದಾದ ಅಕ್ಷರದಲ್ಲಿ ಚೀಟಿ: ‘ಅತಿ ಸಣ್ಣ’, ‘ಸಣ್ಣ, ದುಂಡಗೆ’, ‘ಕೊಂಡಿ ಇರುವಂಥದ್ದು’, ‘ಏನೆಂದು ಗೊತ್ತಿಲ್ಲ’. ಕನ್ನಡಕದ ಡಬ್ಬಿ, ಸೋಪಿನ ಪೆಟ್ಟಿಗೆ, ದವಡೆ, ಇಕ್ಕಳ ಎಲ್ಲ ಒಂದು ಚೀಲಕ್ಕೆ. ಟೇಬಲ್ಲಿನ ಹಲಗೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿಯೂ ಆಗಿತ್ತು.

ಹಲ್ಲಕ್ಕ ಬಂದಳು. ಬಾಗಿಲಲ್ಲೇ ನಿಂತಳು.

“ಒಂದೂ ಕಳೆದಿಲ್ಲ ಅಕ್ಕ,” ಎಂದಳು ತಮ್ಮನ ಹೆಂಡತಿ. “ಮುನ್ನೂರ ಹನ್ನೆರಡು. ಎರಡು ಸಲ ಎಣಿಸಿದೀನಿ.”

ಹಲ್ಲಕ್ಕ ಕೂಗಾಡುತ್ತಾಳೆ ಎಂದು ಇವಳು ಸಿದ್ಧವಾಗಿದ್ದಳು. ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕೂತು, ಒರೆಸಿದ ಹಲಗೆಯ ಮೇಲೆ ಅಂಗೈ ಇಟ್ಟು, ಅದು ಅಪ್ಪ ಬಿಡಿಸಿದ ನಕ್ಷೆ ಕಣೇ ಎಂದಳು. ಆಮೇಲೆ ಡಬ್ಬಿ, ಪೆಟ್ಟಿಗೆ, ಬಾಚಣಿಗೆಯ ಕಥೆಯನ್ನೆಲ್ಲ ಹೇಳಿದಳು. ತಮ್ಮನ ಹೆಂಡತಿಯ ಮುಖ ಬಿಳಚಿಕೊಂಡಿತು. ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೂ ಸಿಟ್ಟು ಬಂತು, ಬರುವುದು ನ್ಯಾಯವೇ.

“ಐದು ವರ್ಷದಲ್ಲಿ ಒಂದ್ಸಲಾನೂ ಹೇಳಿಲ್ವಲ್ಲ ಅಕ್ಕ.”

“ಹೇಳಿದ್ರೆ ನಗ್ತೀರ ಅಂದ್ಕೊಂಡೆ.”

ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಮಾರನೇ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಜೊತೆಗೆ ಸಮಿತಿಯ ಇನ್ನೊಬ್ಬ ಸದಸ್ಯ, ಬಸ್ ಡಿಪೋದ ಮೆಕ್ಯಾನಿಕ್. ಅವನು ಕಟ್ಟುವುದೂ ಬಸ್ಸುಗಳನ್ನೇ. ಮೇಷ್ಟ್ರು ಕೋಣೆಯೊಳಗೆ ಕಾಲಿಟ್ಟವರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಡಬ್ಬಿಗಳ ಚೀಟಿ ಓದಿದರು, ಹಲಗೆಯ ಮೇಲೆ ಬೆರಳು ಎಳೆದು ಬೆರಳು ನೋಡಿಕೊಂಡರು. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಐವತ್ತಕ್ಕೆ ನಲವತ್ತೆಂಟು ಬರೆದು, ಎರಡು ಅಂಕ ಬೀಗದ ಕಿಂಡಿಗೆ ಕಳೆದಿದ್ದೇನೆ ಎಂದು ವಿವರಿಸಿ, ಎಮ್ಮೆಗೆ ನಡುಮೇಜು ಎಂದು ಅಲ್ಲೇ ಘೋಷಿಸಿಬಿಟ್ಟರು. ಕಾಗದವನ್ನು ಹಲ್ಲಕ್ಕನ ಮುಂದೆ ಹಿಡಿದರು. ಸಹಿ ಹಾಕಬೇಕಾದ ಜಾಗದ ಮೇಲೆ ಒಂದು ಸಾಲಿತ್ತು: ‘ಇದು ನಾನು ದಿನವೂ ಕೆಲಸ ಮಾಡುವ ಮೇಜು.’

ಹಲ್ಲಕ್ಕ ಪೆನ್ನು ತೆಗೆದುಕೊಂಡಳು. ನಡುಮೇಜು ಅವಳ ಕಣ್ಣಮುಂದೆ ಬಂತು. ಬಿಳೀ ಹಡಗುಗಳ ಮಧ್ಯೆ ಕಪ್ಪಗೆ, ದಪ್ಪಗೆ ನಿಂತ ಎಮ್ಮೆ ಬಂತು. ಒಂದು ಸಹಿ ಅಷ್ಟೇ. ಪೆನ್ನಿನ ಮೊನೆ ಕಾಗದಕ್ಕೆ ತಾಗಿಯೂ ಆಯಿತು. ಆದರೆ ಬಾಯಿಗೆ ಕೂರದ ಹಲ್ಲನ್ನು ಕೂತಿದೆ ಎಂದು ಹೇಳಿ ಅವಳು ಮೂವತ್ತೊಂದು ವರ್ಷದಲ್ಲಿ ಒಂದು ಸೆಟ್ಟನ್ನೂ ಕೊಟ್ಟವಳಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು. ‘ಅತಿ ಸಣ್ಣ’ ಡಬ್ಬಿಯನ್ನು ಎತ್ತಿ ಹಲಗೆಯ ಮೇಲೆ ಬೋರಲು ಹಾಕಿದಳು. ಆಮೇಲೆ ‘ಸಣ್ಣ, ದುಂಡಗೆ’. ಆಮೇಲೆ ಒಂದಾದ ಮೇಲೊಂದು, ನಲವತ್ತೂ. ಕೊನೆಗೆ ಚೀಲವನ್ನೂ ಸುರಿದಳು. ಪ್ಲಾಸ್ಟರ್ ದವಡೆ ಉರುಳಿಕೊಂಡು ಹೋಗಿ ಮೇಷ್ಟ್ರ ಕಡೆ ಹಲ್ಲು ಕಿರಿದು ನಿಂತಿತು.

“ಮೇಷ್ಟ್ರೇ, ನೀವು ಅಂಕ ಕೊಟ್ಟಿದ್ದು ನಮ್ಮನೆ ಹುಡುಗಿ ಮಾಡಿದ ಕೆಲಸಕ್ಕೆ. ಅವಳಿಗೆ ಐವತ್ತಕ್ಕೆ ಐವತ್ತು ಕೊಡಬೇಕಿತ್ತು. ನನ್ನ ಟೇಬಲ್ಲು ಇದು. ಈಗ ಹಾಕಿ.”

ಮೇಷ್ಟ್ರು ಹಠ ಮಾಡಬೇಡಿ ಎಂದರು, ನಿಯಮ ಎಲ್ಲರಿಗೂ ಒಂದೇ ಎಂದರು.

“ಸೊನ್ನೇನೂ ಎಲ್ಲರಿಗೂ ಒಂದೇ ಥರ ಗುಂಡಗಿರುತ್ತೆ. ಬರೀರಿ.”

ಅವರು ಬರೆದರು. ಹಲ್ಲಕ್ಕ ಅದರ ಕೆಳಗೆ ನೆಟ್ಟಗೆ, ದಪ್ಪಕ್ಷರದಲ್ಲಿ ಸಹಿ ಹಾಕಿ, ತನ್ನ ಪಾಲಿನ ಪ್ರತಿಯನ್ನು ಗೋಡೆಗೆ ಮೊಳೆ ಹೊಡೆದು ತಗುಲಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಎಂದು ಮೇಷ್ಟ್ರು ಬೀದಿಯಲ್ಲಿ ಹೇಳಿಕೊಂಡು ಹೋದರಂತೆ. ಇರಬಹುದು. ಆದರೆ ಇದು ಅವಳೇ ಹಿಡಿದ ಮೊಲ, ಕಾಲು ಎಷ್ಟೆಂದು ಅವಳಿಗೆ ಗೊತ್ತಿರಬೇಕಲ್ಲ.

ಮೆಕ್ಯಾನಿಕ್ ಹೆಲ್ಮೆಟ್ ಮರೆತವನ ಹಾಗೆ ವಾಪಸು ಬಂದ. ನನಗೆ ನಲವತ್ನಾಲ್ಕು ಬಂತು ಅಕ್ಕ, ಎಲ್ಲ ನಾಲ್ಕು ಗೋಣಿಚೀಲದಲ್ಲಿ ತುಂಬಿ ಮಂಚದ ಕೆಳಗೆ ತಳ್ಳಿದೀನಿ, ಮೂರು ದಿನದಿಂದ ಸ್ಕ್ರೂಡ್ರೈವರ್ ಸಿಗ್ತಿಲ್ಲ ಎಂದು ತಲೆ ಕೆರೆದುಕೊಂಡ. ಹಲ್ಲಕ್ಕ ನಕ್ಕಳು. ಅವನು ಹೋದ ಮೇಲೆ ರಾಶಿಯ ಮುಂದೆ ಕೂತಳು, ಆಗ ನಗು ನಿಂತಿತು.

ಕನ್ನಡಕದ ಡಬ್ಬಿ ಇಟ್ಟಳು. ಸೋಪಿನ ಪೆಟ್ಟಿಗೆ, ಬಾಚಣಿಗೆ ಇಟ್ಟಳು. ದೊಡ್ಡ ಭಾಗಗಳು ಸಲೀಸಾಗಿ ತಮ್ಮ ಜಾಗಕ್ಕೆ ಹೋದವು. ನೂರರ ಹತ್ತಿರ ಬಂದಾಗ ಕೈ ನಿಂತಿತು. ಈ ಕೊಳವೆ ಎಲ್ಲಿಯದು? ಈ ಹಿಡಿಕೆ? ನಕ್ಷೆ ಟೇಬಲ್ಲಿನ ಮೇಲಿದೆ ಎಂಬ ಧೈರ್ಯದಲ್ಲಿ ಅವಳು ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಇರಲಿಲ್ಲ. ಐದು ವರ್ಷದ ಕೆಲಸ ಹೋಯಿತು, ಅಪ್ಪನ ಹಡಗು ಎರಡನೇ ಸಲ ಗುಜರಿಗೆ ಹೋಯಿತು ಎನ್ನಿಸಿ ಅವಳಿಗೆ ಭಯವೇ ಆಯಿತು. ಒಂದು ಹಿತ್ತಾಳೆ ಕೊಂಡಿಯನ್ನು ಚಿಮಟದಲ್ಲಿ ಹಿಡಿದು, ಅಂದಾಜಿನಲ್ಲಿ ಬಾಚಣಿಗೆಯ ಪಕ್ಕ ಇಳಿಸಲು ಹೋದಳು.

“ಅದು ಅಲ್ಲಲ್ಲ ಅಕ್ಕ.”

ತಮ್ಮನ ಹೆಂಡತಿ ಭಾನುವಾರದ ಬ್ರಶ್ಶು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಕನ್ನಡಕದ ಡಬ್ಬಿಯಿಂದ ಆಚೆ ಎರಡು ಬೆರಳು. ಅದರ ಪಕ್ಕ ಆ ಉದ್ದನೇದು, ಗೋಡೆ ಕಡೆ ತಲೆ ಮಾಡಿ ಮಲಗಿರ್ತಿತ್ತು.”

“ನಿಂಗೆ ಹೇಗೆ ಗೊತ್ತು?”

“ಪ್ರತಿ ಭಾನುವಾರ ಅದರ ಸುತ್ತ ಧೂಳು ತೆಗೆದವಳು ಯಾರು?”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಚೂರುಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿರಲಿಲ್ಲ. ಆದರೆ ಬ್ರಶ್ಶನ್ನು ಗಾಳಿಯಲ್ಲೇ ಆಡಿಸಿದರೆ ಎಲ್ಲಿ ಅಡ್ಡ ಸಿಗುತ್ತಿತ್ತು, ಎಲ್ಲಿ ತಪ್ಪಿಸಿಕೊಂಡು ತಿರುಗಬೇಕಿತ್ತು ಎಂದು ಅವಳ ಕೈಗೆ ಬರುತ್ತಿತ್ತು. ಇಲ್ಲಿ ಮೂರು ಸಣ್ಣವು, ಇಲ್ಲಿ ಏನೂ ಇಲ್ಲ, ಇಲ್ಲಿ ಒಂದು ಹಾಳಾದ್ದು ಬ್ರಶ್ಶಿನ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಆ ಹಾಳಾದ್ದು ಉಗಿಯ ಸೀಟಿ ಎಂದು ಹಲ್ಲಕ್ಕ ಹೇಳಿಕೊಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಮುನ್ನೂರೈದು ತಮ್ಮ ತಮ್ಮ ಜಾಗದಲ್ಲಿದ್ದವು. ಉಳಿದ ಏಳಕ್ಕೆ ಇಬ್ಬರಿಗೂ ಜಾಗ ಹೊಳೆಯಲಿಲ್ಲ. ಅವನ್ನು ‘ಏನೆಂದು ಗೊತ್ತಿಲ್ಲ’ ಡಬ್ಬಿಗೇ ಹಾಕಿಟ್ಟರು. ಕೊನೆಯಲ್ಲಿ ಹಲ್ಲಕ್ಕ ಇಕ್ಕಳವನ್ನು ಕಿಟಕಿ ಕಡೆ ಇಟ್ಟಳು. ತಮ್ಮನ ಹೆಂಡತಿ ಅದನ್ನು ಕೊಂಚ ಸೊಟ್ಟಗೆ ತಿರುಗಿಸಿದಳು.

ಹಾಲಿನ ಬಾಗಿಲು ಮುಚ್ಚಿತ್ತಲ್ಲ, ಅದಕ್ಕೂ ದಾರಿ ಹುಡುಕಿದವಳು ಅವಳೇ. ರೆಕಾರ್ಡ್ ರೂಮಿನವಳು, ಕಾಗದ ಓದುವುದು ಅವಳ ಹೊಟ್ಟೆಪಾಡು. ಸಂಘದ ನಿಯಮವನ್ನು ಮೊದಲಿಂದ ಕೊನೆಯವರೆಗೆ ಓದಿ, ಹಾಲಿನೊಳಗೆ ಬಿಡಲ್ಲ ಅಂತ ತಾನೆ ಇರೋದು, ಮೆಟ್ಟಿಲ ಮೇಲೆ ಬಿಡಲ್ಲ ಅಂತ ಎಲ್ಲೂ ಇಲ್ವಲ್ಲ ಎಂದಳು. ಲೈಬ್ರರಿಯವರನ್ನು ಕೇಳಿದರೆ, ಮೆಟ್ಟಿಲು ನಮ್ಮದು, ಓಡಾಡುವವರಿಗೆ ದಾರಿ ಬಿಟ್ಟರೆ ಸಾಕು ಎಂದರು. ಲೈಬ್ರರಿಯವರ ಮೇಲಿನ ದವಡೆಯ ಸೆಟ್ಟು ಹಲ್ಲಕ್ಕನದೇ.

ಹಡಗೊಂದನ್ನೇ ಒಯ್ದರೆ ಸಾಲದು, ಟೇಬಲ್ಲೂ ಬರಬೇಕು ಎಂದು ಹಲ್ಲಕ್ಕ ಹಟ ಹಿಡಿದಳು. ಗಾಡಿಯ ಕುಲುಕಾಟಕ್ಕೆ ಚೂರುಗಳು ಕದಲುತ್ತವೆ, ಆದ್ದರಿಂದ ಹೊತ್ತೇ ಒಯ್ಯಬೇಕಾಯಿತು. ಬಾಗಿಲಿಂದ ಮಾಡಿದ ಟೇಬಲ್ಲು ಬಾಗಿಲು ದಾಟದೆ ಇದ್ದೀತೆ? ತಮ್ಮ, ಮೆಕ್ಯಾನಿಕ್, ಡಿಪೋದ ಇನ್ನಿಬ್ಬರು ನಾಲ್ಕು ಮೂಲೆ ಹಿಡಿದರು. ತಮ್ಮನ ಹೆಂಡತಿ ಮುಂದುಗಡೆ ಹಿಂದುಹಿಂದಕ್ಕೆ ನಡೆಯುತ್ತ, ಇಲ್ಲಿ ಗುಂಡಿ, ಇಲ್ಲಿ ಕಲ್ಲು, ಉಸಿರು ಜೋರಾಗಿ ಬಿಡಬೇಡಿ ಎಂದು ಹೇಳುತ್ತಿದ್ದಳು. ಐದು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಏನೋ ಸಾವಿನ ಮನೆಯದಿರಬೇಕು ಎಂದು ಒಬ್ಬ ಹಿರಿಯ ಸೈಕಲ್ಲಿನಿಂದ ಇಳಿದು ತಲೆ ತಗ್ಗಿಸಿ ನಿಂತ. ಹಲ್ಲಕ್ಕ ಎಲ್ಲರ ಹಿಂದೆ, ಎಮ್ಮೆಯನ್ನು ಎರಡೂ ಕೈಯಲ್ಲಿ ಎದೆಗವಚಿ, ತಲೆಯೆತ್ತಿ ನಡೆದಳು.

ಮೂರು ದಿನ ಪ್ರದರ್ಶನ. ಮೂರು ದಿನವೂ ಹಲ್ಲಕ್ಕ ಮೆಟ್ಟಿಲ ಮೇಲಿನ ಜಗಲಿಯಲ್ಲಿ ಕೂತು ಕೆಲಸ ಮಾಡಿದಳು. ಒಳಗೆ ಹೋಗುವವರೆಲ್ಲ ಅವಳನ್ನು ದಾಟಿಯೇ ಹೋಗಬೇಕು, ದಾಟುವವರೆಲ್ಲ ನಿಲ್ಲುತ್ತಿದ್ದರು. ಟೇಬಲ್ಲಿನಿಂದ ಒಂದು ಚೂರು ಎತ್ತುವಳು, ಹಡಗಿನಲ್ಲಿ ಅದೇ ಜಾಗಕ್ಕೆ ಇಳಿಸುವಳು. ಹತ್ತು ನಿಮಿಷ ನಿಂತು ನೋಡಿದವರಿಗೆ ಯಾರೂ ಹೇಳಿಕೊಡದೆಯೇ ಗೊತ್ತಾಗುತ್ತಿತ್ತು, ಹರಡಿಕೊಂಡು ಬಿದ್ದದ್ದು ಕಸವಲ್ಲ, ಹಡಗೇ ಎಂದು. ಹಾಗಾದರೆ ಈ ದವಡೆ ಅಡುಗೆಮನೆಯೋ ಎಂದು ಒಬ್ಬಳು ಹೆಂಗಸು ಕೇಳಿದಳು. ಹೌದು, ಅಡುಗೆಮನೆಯೇ ಆಗಿತ್ತು.

ಮೂರನೇ ದಿನ ಮಧ್ಯಾಹ್ನ ಮೇಷ್ಟ್ರು ಹೊರಗೆ ಬಂದರು. ಅಷ್ಟರಲ್ಲಿ ಲಂಗರು ಒಂದನ್ನು ಬಿಟ್ಟು ಎಲ್ಲ ಚೂರುಗಳೂ ಹಡಗಿಗೆ ಏರಿಯಾಗಿತ್ತು. ಗೊತ್ತಿಲ್ಲದ ಏಳೂ ಕೂಡ, ಕೈಗೆ ಸರಿಕಂಡಲ್ಲಿ. ಅವರು ಹಡಗಿನ ಮೇಲೆ ಬಗ್ಗಿದರು. ಬಾಯ್ಲರಿನ ಬಾಗಿಲು ನೋಡಿದರು, ಮೂವತ್ತಾರು ಬಕೆಟ್ಟು ಎಣಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, ಒಳಗೆ ನಡುಮೇಜು ಖಾಲಿ ಮಾಡಿಸುತ್ತೇನೆ, ಅಲ್ಲಿರುವ ನನ್ನ ಹಡಗನ್ನೇ ತೆಗೆಯುತ್ತೇನೆ, ಎಮ್ಮೆಯನ್ನು ತನ್ನಿ, ಟೇಬಲ್ಲು ಮಾತ್ರ ಇಲ್ಲೇ ಇರಲಿ ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ಹಲ್ಲಕ್ಕನಿಗೂ ಗೊತ್ತಾಯಿತು. ತೆರೆದ ಬಾಗಿಲಿನಿಂದ ನಡುಮೇಜು ಕಾಣುತ್ತಿತ್ತು. ಐದು ವರ್ಷ ಆಸೆಪಟ್ಟ ಜಾಗ. ಅವಳು ಅದನ್ನು ಒಂದು ಸಲ ಸರಿಯಾಗಿ ನೋಡಿದಳು.

“ನಮ್ಮಪ್ಪ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದು ಆ ಕನ್ನಡಕದ ಡಬ್ಬಿಯೊಳಗೆ, ಮೇಷ್ಟ್ರೇ. ಅದನ್ನ ಹೊರಗೆ ಬಿಟ್ಟು ಎಮ್ಮೆ ಒಳಗೆ ಬರಲ್ಲ. ನೋಡೋರು ಇಲ್ಲೇ ಬಂದು ನೋಡ್ಲಿ.”

ಮೇಷ್ಟ್ರು ಮತ್ತೆ ಒತ್ತಾಯಿಸಲಿಲ್ಲ. ಹೊರಡಲು ತಿರುಗಿದವರು, ನಲವತ್ತು ವರ್ಷದ ಅಭ್ಯಾಸ ನೋಡಿ, ಚೂರುಗಳು ಖಾಲಿಯಾದ ಟೇಬಲ್ಲಿನ ತುದಿಯಲ್ಲಿ ಸೊಟ್ಟಗೆ ಬಿದ್ದಿದ್ದ ಇಕ್ಕಳವನ್ನು ನೆಟ್ಟಗೆ ಇಡಲು ಕೈ ಚಾಚಿದರು. ಹಲ್ಲಕ್ಕ ಬಾಯಿ ತೆರೆಯುವ ಮೊದಲೇ ತಮ್ಮನ ಹೆಂಡತಿಯ ಕೈ ಅವರ ಕೈಗೆ ಅಡ್ಡ ಬಂತು.

“ಮುಟ್ಟಬೇಡಿ ಮೇಷ್ಟ್ರೇ,” ಎಂದಳು. “ಅದು ಲಂಗರು.”